ಮೊಗಲಪ್ಪನ ಕಾಲು

ತಾಂಡೂರಿನ ಕಲ್ಲಿನ ಸಾಹುಕಾರ ಶಾಂತಪ್ಪ ಹೈದರಾಬಾದಿನಿಂದ ಜಪಾನಿನ ಹಳೆಯ ಕಾರೊಂದನ್ನು ಕೊಂಡು ತಂದ ಮೇಲೆ ಊರಿನಲ್ಲಿ ಪಿಸ್ಟನ್ ಎಂಬ ಮಾತು ಕೇಳದವರು ಉಳಿಯಲಿಲ್ಲ. ಕಾರಣ, ಆ ಕಾರಿನಲ್ಲಿ ಪಿಸ್ಟನ್ ಇರಲಿಲ್ಲ. ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಳ್ಳಲು ಬಂದವರು, ಹಾಲು ಹಾಕಲು ಬಂದವರು, ಲಗ್ನಪತ್ರಿಕೆ ಕೊಡಲು ಬಂದವರು, ಎಲ್ಲರೂ ನಿಂತು ಕೇಳಿಸಿಕೊಂಡೇ ಹೋಗಬೇಕು: ಮಂದಿಯ ಎಂಜಿನ್ನಿನಲ್ಲಿ ಪಿಸ್ಟನ್ನುಗಳು ಮೇಲೆ ಕೆಳಗೆ ಹಾರಾಡುತ್ತವೆ, ತನ್ನದರಲ್ಲಿ ಮೂರು ಮೂಲೆಯ ರೋಟರು ಗಾಣದಂತೆ ಸುತ್ತುತ್ತದೆ, ಇದಕ್ಕೆ ರೋಟರಿ ಎಂಜಿನ್ ಅನ್ನುತ್ತಾರೆ, ಸುತ್ತ ನಾಲ್ಕು ಜಿಲ್ಲೆಯಲ್ಲಿ ಇಂಥದು ಇನ್ನೊಂದಿಲ್ಲ. ಇನ್ನೊಂದು ಯಾಕಿಲ್ಲ ಎಂದು ಕೇಳುವಷ್ಟು ಎದೆಗಾರಿಕೆ ಯಾರಿಗೂ ಇರಲಿಲ್ಲ.

ಅದನ್ನು ಓಡಿಸುವ ಭಾಗ್ಯ ಮೊಗಲಪ್ಪನದು. ಪೆದ್ದೆಮುಲ್ ಕಡೆಯವನು, ವಯಸ್ಸು ಐವತ್ತಾರು, ಸಾಹುಕಾರರ ಬಳಿ ಇಪ್ಪತ್ತೆರಡು ವರ್ಷದಿಂದ ಡ್ರೈವರ್. ಇಷ್ಟು ವರ್ಷದಲ್ಲಿ ಅವರ ಯಾವ ಗಾಡಿಗೂ ಒಂದು ಗೀರು ಬಿದ್ದಿರಲಿಲ್ಲ. ಜಪಾನಿನ ಕಾರಿನ ಹಿಂದಿನ ಸೀಟು ಅಲ್ಲಿನ ಸಣ್ಣ ಮಕ್ಕಳಿಗೆಂದು ಮಾಡಿದ್ದಿರಬೇಕು. ಆದರೂ ಶಾಂತಪ್ಪ ಹಿಂದೆಯೇ ಕೂರುತ್ತಿದ್ದ. ಮೊಣಕಾಲು ಗದ್ದಕ್ಕೆ ಬಡಿದರೂ ಚಿಂತೆಯಿಲ್ಲ, ಮೊಗಲಪ್ಪನ ಪಕ್ಕ ಕೂರುವಂತಿಲ್ಲ. ಇದನ್ನು ಜಾತಿ ಎಂದರೆ ಆತನಿಗೆ ಸಿಟ್ಟು ಬರುತ್ತಿತ್ತು. ಪದ್ಧತಿ ಎನ್ನಬೇಕಾಗಿತ್ತು.

ಕಾರು ಮನೆಗೆ ಬಂದ ಮೊದಲ ಸೋಮವಾರ ಪೂಜೆ. ನಿಂಬೆಹಣ್ಣು ಮೆಣಸಿನಕಾಯಿ ಮುಂದೆ ತೂಗುಹಾಕುವುದು ಲಾರಿಯವರ ಚಾಳಿ, ಇಂಥ ಕಾರಿಗೆ ದೃಷ್ಟಿಗಂಟು ಒಳಗೇ ಇರಬೇಕೆಂದು ಶಾಂತಪ್ಪ ತೀರ್ಮಾನಿಸಿದ. ಪಟಿಕದ ತುಂಡು, ವಿಭೂತಿ, ಒಣಮೆಣಸಿನಕಾಯಿ ತುಂಬಿದ ಕರಿಯ ಬಟ್ಟೆಯ ಗಂಟು, ಹತ್ತಿರ ಹತ್ತಿರ ಅರ್ಧ ಕಿಲೋ. ಎಂಜಿನ್ನಿನ ಮೇಲೆ ಹಾದುಹೋಗುವ ದಪ್ಪ ರಬ್ಬರ್ ಪೈಪಿಗೆ ಅದನ್ನು ಕಟ್ಟಿದ. ದಾರ ಸುಟ್ಟೀತೆಂದು ಕಬ್ಬಿಣದ ತಂತಿಯಲ್ಲಿ ಕಟ್ಟಿದ. ಇಕ್ಕಳದಿಂದ ನಾಲ್ಕು ಸುತ್ತು ತಿರುವಿ ಬಿಗಿದ. ಮೊಗಲಪ್ಪ ಹಿಡಿಯಲು ಕೈ ಚಾಚಿದರೆ ದೂರ ನಿಲ್ಲಲು ಹೇಳಿದ. ಅವತ್ತಿನಿಂದ ಬಾನೆಟ್ಟಿನ ಒಳಗೆ ಎಲ್ಲವನ್ನೂ ಮೊಗಲಪ್ಪ ಮುಟ್ಟಬಹುದು, ಗಂಟನ್ನೂ ಅದರ ಪೈಪನ್ನೂ ಮಾತ್ರ ಮುಟ್ಟಬಾರದು ಎಂದು ಅಪ್ಪಣೆಯಾಯಿತು.

ತಿಂಗಳು ಕಳೆಯುವುದರೊಳಗೆ ಕಾರಿಗೆ ರೋಗ ಶುರುವಾಯಿತು. ಓಡುವಾಗ ಓಡುತ್ತಿತ್ತು, ನಿಂತಾಗ ಸುಮ್ಮನೆ ನಿಲ್ಲುತ್ತಿರಲಿಲ್ಲ. ಎಕ್ಸಲರೇಟರಿನಿಂದ ಕಾಲು ತೆಗೆದರೆ ಸಾಕು, ಎಂಜಿನ್ನಿನ ಸದ್ದು ತಾನಾಗಿ ಏರುವುದು, ತಾನಾಗಿ ಇಳಿಯುವುದು, ಮತ್ತೆ ಏರುವುದು, ಕೊನೆಗೆ ಗಡಗಡ ನಡುಗಿ ಆರಿಹೋಗುವುದು. ಅದೂ ನಾಲ್ಕು ಜನ ನೋಡುವ ಜಾಗದಲ್ಲೇ. ರೈಲ್ವೆ ಗೇಟಿನ ಮುಂದೆ ಒಮ್ಮೆ ಆರಿದಾಗ ಪಿಸ್ಟನ್ ಇರುವ ಆಟೋದವನೊಬ್ಬ ಇಳಿದು ಬಂದು ದಬ್ಬಿಕೊಟ್ಟ. ಶಾಂತಪ್ಪ ಹಿಂದಿನ ಸೀಟಿನಲ್ಲಿ ಪೇಪರು ಅಗಲಿಸಿ ಮುಖ ಮುಚ್ಚಿಕೊಂಡ.

ಕಾರು ಜಹೀರಾಬಾದಿನ ವೈಜಿನಾಥನ ಗ್ಯಾರೇಜಿಗೆ ಹೋಯಿತು. ವೈಜಿನಾಥ ಸುತ್ತಲಿನ ಸಾಹುಕಾರರಿಗೆಲ್ಲ ಬೇಕಾದವನು. ನಾಲ್ಕು ದಿನ ಇಟ್ಟುಕೊಂಡು, ಪಿಸ್ಟನ್ ರಿಂಗು ಸವೆದಿದ್ದವು, ಹೊಸವು ಹಾಕಿದ್ದೇನೆ ಎಂದು ಕೈ ಒರೆಸಿಕೊಂಡ. ಪಿಸ್ಟನ್ ಇಲ್ಲವೆಂದು ಜಗತ್ತಿಗೆಲ್ಲ ಸಾರಿದ್ದ ಶಾಂತಪ್ಪ ಅಲ್ಲೇ ನಿಂತು ಗಂಭೀರವಾಗಿ ತಲೆದೂಗಿದ. ಚಾಲೂ ಮಾಡಿದರೆ ಎಂಜಿನ್ ಮತ್ತೆ ಏರಿ ಇಳಿದು ಆರಿತು. ಇರಲಾರದೆ ಮೊಗಲಪ್ಪನೇ ಕೇಳಿದ, ಇಲ್ಲದ ಪಿಸ್ಟನ್ನಿಗೆ ರಿಂಗು ಎಲ್ಲಿ ಹಾಕಿದಿರಿ ಎಂದು. ಅದೇ ಅವನು ಮಾಡಿದ ತಪ್ಪು. ವೈಜಿನಾಥ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಸಾಹುಕಾರರ ಕಡೆ ತಿರುಗಿ, ಗ್ಯಾರೇಜಿನಲ್ಲಿದ್ದ ಹತ್ತು ಜನಕ್ಕೂ ಕೇಳುವಂತೆ ಹೇಳಿದ.

"ಗಾಡಿ ಛಲೋ ಅದರಿ ಸಾವ್ಕಾರ್ರ. ಈತನ ಕಾಲ ಸತ್ತದ. ರೇಸ್ ಎಷ್ಟು ಕೊಡಬೇಕು, ಯಾವಾಗ ಬಿಡಬೇಕು ತಿಳಿವಲ್ದು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಶಾಂತಪ್ಪನಿಗೆ ಹೋದ ಜೀವ ಬಂದಂತಾಯಿತು. ತನ್ನ ಕಾರು ನಿರ್ದೋಷಿ! ವಾರದೊಳಗೆ ತಾಂಡೂರಿನ ಬಜಾರಿನಲ್ಲಿ ಎಲ್ಲರಿಗೂ ಮೊಗಲಪ್ಪನ ಸತ್ತ ಕಾಲಿನ ಸುದ್ದಿ ಗೊತ್ತಾಯಿತು. ಚಹಾದಂಗಡಿಗೆ ಹೋದರೆ ಜನ ಮುಖದ ಬದಲು ಕಾಲು ನೋಡುತ್ತಿದ್ದರು. ಗುರುವಾರ ಶಾಂತಪ್ಪ ಮಗನಿಗೆ ಹೆಣ್ಣು ನೋಡಲು ಬೀದರಿಗೆ ಹೋಗುವುದಿತ್ತು. ಅಷ್ಟರಲ್ಲಿ ಕಾರು ಸರಿಯಾಗದಿದ್ದರೆ ಬೇರೆ ಡ್ರೈವರನ್ನು ಇಡುವುದಾಗಿ ಹೇಳಿಬಿಟ್ಟ. ನೌಕರಿ ಹೋದರೆ ಇನ್ನೊಂದು ಹುಡುಕಬಹುದು. ಆದರೆ ಸತ್ತ ಕಾಲಿನ ಡ್ರೈವರನಿಗೆ ಗಾಡಿಯ ಬೀಗದ ಕೈ ಯಾರು ಕೊಡುತ್ತಾರೆ? ಮೊಗಲಪ್ಪನಿಗೆ ನಿದ್ದೆ ಹತ್ತಲಿಲ್ಲ. ಹೆಂಡತಿ ಬಾಲಮಣಿ ಕಾಲಿಗೆ ಎಣ್ಣೆ ತಿಕ್ಕಲು ಬಂದಾಗ ಅವನಿಗೆ ಅಳುವೇ ಬಂತು. ಮನೆಯವಳೂ ನಂಬಿಬಿಟ್ಟಳೇ ಎಂದು.

ನಂಬಿರಲಿಲ್ಲ. ಎಣ್ಣೆ ತಿಕ್ಕುತ್ತಲೇ ಅವಳು ತನ್ನ ತವರು ನಾಗಲಗಿದ್ದದ ಧಮ್ಮಶೀಲಾಳ ಮಾತು ತೆಗೆದಳು. ಪುಣೆಯಲ್ಲಿ ವಿದೇಶಿ ಕಾರುಗಳ ವರ್ಕ್‌ಶಾಪಿನಲ್ಲಿ ಒಂಬತ್ತು ವರ್ಷ ದುಡಿದವಳು, ಈಗ ನಾರಾಯಣಖೇಡದಲ್ಲಿ ಶೆಡ್ಡು ಹಾಕಿ ಟ್ರ್ಯಾಕ್ಟರು, ಬೋರಿನ ಮೋಟರು ರಿಪೇರಿ ಮಾಡುತ್ತಾಳೆ. ಮರುದಿನ ಮೊಗಲಪ್ಪ ಸಾಹುಕಾರರಿಗೆ ಪುಣೆಯ ಎಕ್ಸ್‌ಪರ್ಟ್ ಒಬ್ಬರು ನಾರಾಯಣಖೇಡದಲ್ಲಿದ್ದಾರೆ ಎಂದಷ್ಟೇ ಹೇಳಿದ. ಹೆಣ್ಣೋ ಗಂಡೋ, ಯಾರ ಪೈಕಿ ಎಂಬುದನ್ನು ಹೇಳಲು ಮರೆತ. ಪುಣೆ ಎಂಬ ಮಾತಿಗೆ ಶಾಂತಪ್ಪ ಕರಗಿದ.

ಶೆಡ್ಡಿನ ಗೋಡೆಯ ಮೇಲೆ ಬಾಬಾಸಾಹೇಬರ ಫೋಟೊ, ಪಕ್ಕದಲ್ಲಿ ಬುದ್ಧ. ಶಾಂತಪ್ಪ ಎರಡನ್ನೂ ನೋಡಿದ, ಗ್ರೀಸಿನ ಕೈಯ ಹೆಣ್ಣುಮಗಳನ್ನೂ ನೋಡಿದ. ಚಹಾ ತರಿಸಲೇ ಎಂದು ಆಕೆ ಕೇಳುತ್ತಿದ್ದಂತೆ ಆತನಿಗೆ ಸಕ್ಕರೆ ಕಾಯಿಲೆ ಬಂತು. ಈ ಕಾಯಿಲೆ ಆತನಿಗೆ ಕೆಲವು ಮನೆಗಳ ಹೊಸ್ತಿಲಲ್ಲಿ ಮಾತ್ರ ಬರುತ್ತಿತ್ತು. ಬೀಗರ ಮನೆಯ ಹೋಳಿಗೆಯ ಮುಂದೆ ತಾನಾಗಿ ಗುಣವಾಗುತ್ತಿತ್ತು.

ಧಮ್ಮಶೀಲಾ ಎಂಜಿನ್ ಚಾಲೂ ಮಾಡಿಸಿ, ಕೈಕಟ್ಟಿ ನಿಂತು ಸುಮ್ಮನೆ ಕೇಳಿದಳು. ಏರಿತು, ಇಳಿಯಿತು, ಏರಿತು, ಆರಿತು. ಏರ್ ಫಿಲ್ಟರ್ ಬಿಚ್ಚಿ ಬೆಳಕಿಗೆ ಹಿಡಿದಳು. ಕಲ್ಲು ಪಾಲಿಶ್ ಮಾಡುವ ಊರಿನ ಕಾರಾದರೂ ಅದರಲ್ಲಿ ಧೂಳಿರಲಿಲ್ಲ. ಪ್ರತಿ ಭಾನುವಾರ ತಾನೇ ಊದಿ ಒರೆಸುತ್ತೇನೆ ಎಂದು ಮೊಗಲಪ್ಪ ಹೇಳಿದ. ಆಕೆ ಅವನಿಗೆ ಬಿಡಿಸಿ ಹೇಳಿದಳು: ಫಿಲ್ಟರ್ ದಾಟಿ ಒಳಗೆ ಹೋಗುವ ಗಾಳಿಯನ್ನು ಬಾಗಿಲಲ್ಲೇ ಒಂದು ಮೀಟರು ಅಳೆಯುತ್ತದೆ, ಅಷ್ಟಕ್ಕೆ ತಕ್ಕ ಪೆಟ್ರೋಲನ್ನು ಕಂಪ್ಯೂಟರು ಕೊಡುತ್ತದೆ. ಮೀಟರು ದಾಟಿದ ಮೇಲೆ ಎಲ್ಲಾದರೂ ತೂತಿದ್ದರೆ ಅಲ್ಲಿಂದ ನುಗ್ಗುವ ಗಾಳಿ ಲೆಕ್ಕಕ್ಕೆ ಸಿಗುವುದಿಲ್ಲ. ಜೋರಾಗಿ ಓಡುವಾಗ ಇದು ತಿಳಿಯುವುದಿಲ್ಲ, ನಿಂತಾಗ ಎಂಜಿನ್ ಎಳೆಯುವ ಗಾಳಿಯೇ ಕಡಿಮೆ, ಆಗ ಕಳ್ಳಗಾಳಿಯದೇ ಕಾರುಬಾರು.

ಕಳ್ಳಗಾಳಿ ಹುಡುಕಲು ಆಕೆ ಪೇಂಟಿನ ಹಳೆಯ ಡಬ್ಬಿಯಲ್ಲಿ ಕೆಂಡ ಹಾಕಿ, ಮೇಲೆ ಒಂದು ಹಿಡಿ ಲೋಬಾನ ಚೆಲ್ಲಿ ಮುಚ್ಚಳ ಬಿಗಿದಳು. ಗಾಳಿ ಒಳಹೋಗುವ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ಸಣ್ಣ ನಳಿಗೆಯಲ್ಲಿ ಆ ಹೊಗೆಯನ್ನು ಮೆಲ್ಲಗೆ ಒಳಗೆ ಬಿಟ್ಟಳು. ಲೋಬಾನದ ವಾಸನೆ ಶೆಡ್ಡು ತುಂಬುತ್ತಿದ್ದಂತೆ ಶಾಂತಪ್ಪನ ಮುಖ ಬದಲಾಯಿತು. ಚಪ್ಪಲಿ ಬಿಟ್ಟು ಕೈ ಜೋಡಿಸಿ ಕಣ್ಣು ಮುಚ್ಚಿದ. ಪುಣೆಯವರೂ ದೇವರ ಮೇಲೆ ಭಾರ ಹಾಕಿಯೇ ಕೆಲಸ ಮಾಡುತ್ತಾರೆಂದು ಆತನಿಗೆ ಸಮಾಧಾನವಾಗಿರಬೇಕು. ಇದು ಪೂಜೆಯಲ್ಲ, ಪರೀಕ್ಷೆ ಎಂದು ಧಮ್ಮಶೀಲಾ ಹೇಳಲಿಲ್ಲ. ಕಣ್ಣು ತೆರೆದು ನೋಡಲು ಮಾತ್ರ ಹೇಳಿದಳು.

ಹೊಗೆ ಬೇರೆಲ್ಲೂ ಬರುತ್ತಿರಲಿಲ್ಲ. ಗಾಳಿಯ ಪೈಪಿಗೆ ಕಟ್ಟಿದ್ದ ಕರಿಯ ಗಂಟಿನ ಕೆಳಗೆ, ತಂತಿಯ ಸುತ್ತಿನಿಂದ, ಎಳೆ ಎಳೆಯಾಗಿ ಬರುತ್ತಿತ್ತು.

ಬಿಚ್ಚಲು ಮೊಗಲಪ್ಪ ಇಕ್ಕಳ ಎತ್ತಿಕೊಂಡ. ಶಾಂತಪ್ಪನ ಬಾಯಿಂದ ತಡೆಯುವ ಮಾತು ತಾನಾಗಿ ಹೊರಟಿತು, ಆ ಗಂಟಿಗೆ ಅವನ ಕೈ ಹತ್ತಬಾರದೆಂದು. ಧಮ್ಮಶೀಲಾ ಇಬ್ಬರನ್ನೂ ಒಂದು ಗಳಿಗೆ ನೋಡಿ, ಮೊಗಲಪ್ಪನ ಕೈಯಿಂದ ಇಕ್ಕಳ ಇಸಿದುಕೊಂಡು ಸಾಹುಕಾರರ ಮುಂದೆ ಹಿಡಿದಳು.

"ಹಂಗಾರ ನೀವೇ ಬಿಚ್ರಿ. ಮೊಗಲಪ್ಪ ಕಾಕಾನ ಕೈ ಹತ್ತಬಾರ್ದು, ನನ್ನ ಕೈಯೂ ಹತ್ತಬಾರ್ದಲ್ಲ."

ಶಾಂತಪ್ಪ ಬಾಗಿದ. ಪೂಜೆಯ ದಿನದ ನಂತರ ಮೊದಲ ಸಲ ತನ್ನ ಎಂಜಿನ್ನಿನ ಒಳಗೆ ಕೈ ಹಾಕಿ, ಹೊಗೆಗೆ ಕೆಮ್ಮುತ್ತ, ತಾನೇ ಬಿಗಿದ ನಾಲ್ಕು ಸುತ್ತನ್ನು ತಾನೇ ಬಿಚ್ಚಿದ. ಗಂಟಿನ ಭಾರಕ್ಕೆ ಜಗ್ಗಿ ಜಗ್ಗಿ ತಂತಿಯು ರಬ್ಬರಿನೊಳಗೆ ಇಳಿದಿತ್ತು. ಬೆರಳುದ್ದದ ಸೀಳು ಬಾಯ್ಬಿಟ್ಟುಕೊಂಡಿತ್ತು. ಇಡೀ ಕಾರಿನಲ್ಲಿ ಮೊಗಲಪ್ಪನ ಕೈ ಸೋಕದ ಜಾಗ ಅದೊಂದೇ. ಅವನಿಗೆ ನಗು ಬಂತು, ನಗಲಿಲ್ಲ. ಎದೆಯ ಮೇಲೆ ಯಾರೋ ಇಟ್ಟಿದ್ದ ಫರಸಿ ಕಲ್ಲು ಎತ್ತಿದಂತಾಗಿತ್ತು.

ಸೀಳಿದ ಭಾಗ ಕತ್ತರಿಸಿ ಅದೇ ಅಳತೆಯ ಗಟ್ಟಿ ಪೈಪಿನ ತುಂಡು ಕೂಡಿಸಿ ಕ್ಲಿಪ್ಪು ಬಿಗಿಯಲು, ಮೀಟರು ತೊಳೆದು ಒಣಗಿಸಲು, ಕಂಪ್ಯೂಟರು ಹಳೆಯ ಲೆಕ್ಕ ಮರೆಯಲೆಂದು ಬ್ಯಾಟರಿ ಬಿಚ್ಚಿ ಹಾಕಲು ಒಂದೂವರೆ ತಾಸು ಹಿಡಿಯಿತು. ಮತ್ತೆ ಚಾಲೂ ಮಾಡಿದಾಗ ಎಂಜಿನ್ನಿನ ಸುತ್ತು ತೋರಿಸುವ ಮುಳ್ಳು ಒಂದೆರಡು ಸಲ ತಡಕಾಡಿ ಎಂಟುನೂರರ ಹತ್ತಿರ ನಿಂತಿತು. ಶಾಂತಪ್ಪ ಗಂಟಲು ಸರಿಮಾಡಿಕೊಂಡು, ಆದರೂ ಕಾಲಿನ ದೋಷವೂ ಸ್ವಲ್ಪ ಇದ್ದೀತಲ್ಲವೇ ಎಂದು ಕೇಳಿದ.

"ಕಾಲ ತೆಗದಾಗ ಎಂಜಿನ್ ತಾನೇ ನಡೀತದಲ್ರಿ, ಅದಕ್ಕೇ ಐಡ್ಲಿಂಗ್ ಅಂತಾರ," ಎಂದಳು ಧಮ್ಮಶೀಲಾ. "ಇಡದೇ ಇದ್ದ ಕಾಲಿಂದ ತಪ್ಪು ಹ್ಯಾಂಗ ಆಗ್ತದ?"

ಮೊಗಲಪ್ಪ ಈ ಮಾತನ್ನು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡ. ಇಷ್ಟು ದಿನ ತನಗೇ ಇದು ಹೊಳೆದಿರಲಿಲ್ಲವಲ್ಲ ಎಂದು ನಾಚಿಕೆಯೂ ಆಯಿತು. ಹತ್ತು ಜನ ಹೇಳಿದರೆ ತನ್ನ ಕಾಲಿನ ಮೇಲೆ ತನಗೇ ಅನುಮಾನ ಬರುತ್ತದೆ.

ಕಾರು ತಾಂಡೂರಿನ ದಾರಿ ಹಿಡಿಯಿತು. ಜಹೀರಾಬಾದು ಹತ್ತಿರ ಬಂದಾಗ ಶಾಂತಪ್ಪ ಮುಂದಕ್ಕೆ ಬಾಗಿ, ಎಂದೂ ಇಲ್ಲದ ಪ್ರೀತಿಯಿಂದ ಮಾತಾಡಿದ.

"ಗಂಟಿನ ಸುದ್ದಿ ಎಲ್ಲೂ ತೆಗೀಬ್ಯಾಡ. ಬೀಗರ ಕಿವಿಗೆ ಬಿದ್ದರ ನಗತಾರ. ನಿನ್ನ ನೌಕರಿಗೆ ನಾ ಅದೀನಿ, ಚಿಂತಿ ಬಿಡು."

ಮೊಗಲಪ್ಪ ಹೂಂ ಎಂದ. ನೌಕರಿ ಉಳಿಯಿತು. ಬಾಲಮಣಿಗೆ ಫೋನು ಮಾಡಿ ಹೇಳಬೇಕು ಎಂದುಕೊಂಡ. ಗಂಟಿನ ಸುದ್ದಿ ಅವನಿಗೂ ಬೇಕಿರಲಿಲ್ಲ. ಕಾಲಿನ ಸುದ್ದಿ ತೊಳೆದುಹೋದರೆ ಸಾಕಿತ್ತು.

ಕಾರು ಸರಿಯಾದುದನ್ನು ತೋರಿಸದೆ ಊರಿಗೆ ಹೋಗಲು ಶಾಂತಪ್ಪನಿಂದ ಆದೀತೇ? ವೈಜಿನಾಥನ ಗ್ಯಾರೇಜಿನ ಮುಂದೆ ನಿಲ್ಲಿಸಲು ಹೇಳಿದ. ವೈಜಿನಾಥ ಹೊರಗೆ ಬಂದ, ಟ್ರ್ಯಾಕ್ಟರಿನವರು ಬಂದರು, ಪಕ್ಕದ ಪಂಕ್ಚರಿನವನೂ ಬಂದ. ಎಂಜಿನ್ ಏರದೆ ಇಳಿಯದೆ ನಡೆಯುತ್ತಿತ್ತು. ಏನಾಗಿತ್ತು ಎಂದು ವೈಜಿನಾಥ ಕೇಳಿದ. ಶಾಂತಪ್ಪ ಕಿಟಕಿಯಿಂದ ಮುಖ ಹೊರಹಾಕಿ ನಕ್ಕ.

"ಏನಿಲ್ಲೋ, ನೀ ಹೇಳಿದ್ದೇ ಖರೇ. ಮೊಗಲ್ಯಾನ ಕಾಲು ರಿಪೇರಿ ಮಾಡಿಸ್ಕೊಂಡ ಬಂದೀವಿ."

ಎಲ್ಲರೂ ನಕ್ಕರು. ವೈಜಿನಾಥ ಎಲ್ಲರಿಗಿಂತ ಜೋರಾಗಿ ನಕ್ಕ, ನಗಬೇಕಾದ ಅಗತ್ಯವೂ ಅವನಿಗೇ ಹೆಚ್ಚು. ನೌಕರಿ ಉಳಿದದ್ದು ಯಾವ ಬೆಲೆಗೆ ಎಂದು ಮೊಗಲಪ್ಪನಿಗೆ ಈಗ ತಿಳಿಯಿತು. ಇನ್ನು ಸಾಯುವವರೆಗೆ ಈ ಕಾಲನ್ನು ಹೊತ್ತು ತಿರುಗಬೇಕು.

ಅವನು ಗೇರು ನ್ಯೂಟ್ರಲ್ಲಿಗೆ ತಂದ, ಹ್ಯಾಂಡ್ ಬ್ರೇಕು ಎಳೆದ, ಎಂಜಿನ್ ಆರಿಸಲಿಲ್ಲ. ಬಾಗಿಲು ತೆಗೆದು ಇಳಿದು, ಎಲ್ಲರಿಗೂ ಕಾಣುವಂತೆ ಕಾರಿನಿಂದ ನಾಲ್ಕು ಹೆಜ್ಜೆ ಆಚೆ ಬಂದು ನಿಂತ. ಭಯವಾಗಿತ್ತು, ಆದರೂ ಕೂಗಿಯೇ ಹೇಳಿದ.

"ನನ್ನ ಎರಡೂ ಕಾಲು ಇಲ್ಲಿ ಅವರಿ, ಎಲ್ಲಾರೂ ನೋಡ್ರಿ. ಗಾಡಿ ನಡ್ಯಾಕತ್ತದ, ಅದೂ ಕೇಳ್ರಿ."

ನಗು ನಿಂತಿತು. ಎಲ್ಲರೂ ಅವನ ಕಾಲು ನೋಡಿದರು, ಆಮೇಲೆ ಖಾಲಿ ಸೀಟು ನೋಡಿದರು. ಎಂಜಿನ್ ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ಟ್ರ್ಯಾಕ್ಟರಿನವನೊಬ್ಬ ತಲೆ ಕೆರೆದುಕೊಂಡು ವೈಜಿನಾಥನನ್ನು ಕೇಳಿದ, ಕಾಲಿಲ್ಲದೆ ನಡೆಯುವ ಎಂಜಿನ್ನಿಗೆ ಕಾಲಿನ ರೋಗ ಹೇಗೆ ಬಂತು ಎಂದು. ವೈಜಿನಾಥನಿಗೆ ಒಳಗೆ ಯಾವುದೋ ಕೆಲಸ ನೆನಪಾಯಿತು.

ಮೊಗಲಪ್ಪ ಬಸ್ ಸ್ಟ್ಯಾಂಡಿನ ಕಡೆ ನಡೆದ. ಹಿಂದಿನಿಂದ ಸಾಹುಕಾರರು ಕರೆದರು, ಮೊದಲು ಸಿಟ್ಟಿನಿಂದ, ಆಮೇಲೆ ಮೆಲ್ಲಗೆ. ಶಾಂತಪ್ಪನಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ನಾಳೆಯಿಂದ ಏನು ಮಾಡುವುದೆಂದು ಮೊಗಲಪ್ಪನಿಗೂ ಗೊತ್ತಿರಲಿಲ್ಲ, ಬಾಲಮಣಿಗೆ ಏನು ಹೇಳುವುದೆಂದೂ ಗೊತ್ತಿರಲಿಲ್ಲ. ತಿರುವಿನವರೆಗೂ ಅವನ ಕಿವಿ ಎಂಜಿನ್ನಿನ ಸದ್ದಿನ ಮೇಲೇ ಇತ್ತು. ಏರಲಿಲ್ಲ, ಇಳಿಯಲಿಲ್ಲ.