ಒಣಮೀನಿನ ಭರಣಿಯಲ್ಲಿದ್ದ ಪದಕ

ಗಂಗೊಳ್ಳಿಯ ಆ ಮನೆಯಲ್ಲಿ ಬೆಳಗಿನಿಂದ ಎರಡು ಸಲ ಜಗಲಿ ಒರೆಸಿಯಾಗಿತ್ತು. ಸಂಜೆ ತೆಕ್ಕಟ್ಟೆಯಿಂದ ಹೆಣ್ಣು ನೋಡಲು ಬರುವವರಿದ್ದರು.

"ಅಬ್ಬೀ, ಗೋಡಿ ಮೇಲಿದ್ದ ಪದಕ ಎಲ್ಲಿ?" ಮಗಳು ಸುಗುಣ ಕೇಳಿದಳು.

"ನಾನೇ ತೆಗ್ದಿಟ್ಟಿದ್ದೆ," ಎಂದಳು ವನಜ. "ಅವ್ರ್ ಹೋಪತನಕ ಅದ್ರ ಸುದ್ದಿ ಬ್ಯಾಡ."

"ಕದ್ದದ್ದಾ ಅದ್? ಎಂತಕೆ ಅಡಗ್ಸುದ್?"

"ಗಂಡಸ್ರ ಮೈ ತೊಳ್ದ ಹೆಣ್ಣ್ ಅಂದ್ಹೇಳಿ ಮೂರ್ ಸಂಬಂಧ ತಪ್ಪಿತ್. ಇದೊಂದ್ ಸಲ ಬಾಯ್ ಮುಚ್ಚ್ಕಂಡಿರ್ ಮಗಾ."

ಕಾರ್ಗಿಲ್ ಯುದ್ಧ ಮುಗಿದು ಎರಡು ವರ್ಷವಾಗಿತ್ತು. ಯುದ್ಧದ ವೇಳೆ ಸೇನೆಯ ಆಸ್ಪತ್ರೆಯಲ್ಲಿ ನರ್ಸ್ ಆಗಿ ಗಾಯಾಳುಗಳ ನಡುವೆ ಹಗಲು ರಾತ್ರಿ ನಿಂತದ್ದಕ್ಕೆ ಸುಗುಣಳಿಗೆ ಸಿಕ್ಕ ಪದಕ ಅದು. ರಜೆಗೆ ಬಂದವಳೇ ತಂದೆಯ ಪಟದ ಪಕ್ಕ ಮೊಳೆ ಹೊಡೆದು ತೂಗಿಸಿದ್ದಳು. ವನಜ ಹಿಂದಿನ ರಾತ್ರಿಯೇ ಅದನ್ನು ಬಟ್ಟೆಯಲ್ಲಿ ಸುತ್ತಿ, ಮಗಳು ಎಂದೂ ಕೈಹಾಕದ ಒಣಮೀನಿನ ಭರಣಿಯ ತಳದಲ್ಲಿ ಉಪ್ಪಿನೊಳಗೆ ಹುಗಿದಿದ್ದಳು.

ಸಂಜೆ ಬಂದ ಹುಡುಗ ಉಲ್ಲಾಸ್ ಸೌಮ್ಯನಾಗಿದ್ದ. ಅವನ ತಾಯಿ ಕುಸುಮಾವತಿಯ ಕಣ್ಣು ಮಾತ್ರ ಮತ್ತೆ ಮತ್ತೆ ಆ ಖಾಲಿ ಮೊಳೆಯ ಕಡೆಗೇ ಹೋಗುತ್ತಿತ್ತು.

"ಮಿಲಿಟ್ರಿ ಆಸ್ಪತ್ರೆ ಅಂಬ್ರ್. ತಪ್ಪ್ ತಿಳೀಬೇಡಿ, ನಾಳೆ ನೆಂಟ್ರ ಬಾಯಿಗೆ ಉತ್ತರ ಕೊಡುದ್ ನಾನ್. ಹೆಣ್ಣ್ ಗಂಡಸ್ರ ವಾರ್ಡಿಗೆಲ್ಲ ಹೋಯ್ತಿತ್ತಾ?"

ಸುಗುಣ ಬಾಯಿ ತೆರೆದಳು. ಅದಕ್ಕೂ ಮೊದಲೇ ವನಜ, "ಇಲ್ಲ ಇಲ್ಲ. ಬರೀ ಆಫೀಸ್ ಕೆಲ್ಸ," ಎಂದುಬಿಟ್ಟಳು.

ಮಗಳ ಮುಖ ನೋಡುವ ಧೈರ್ಯ ಅವಳಿಗಾಗಲಿಲ್ಲ.

"ಹಂಗಾರೆ ಅಡ್ಡಿಲ್ಲೆ," ಕುಸುಮಾವತಿ ನಕ್ಕರು. "ಮುಂದಿನ ಮಾತ್ ಆಡ್ಲಕ್ಕ್."

ಬಂದವರನ್ನು ಬರಿಗೈಯಲ್ಲಿ ಕಳಿಸುವ ರೂಢಿ ಆ ಮನೆಯಲ್ಲಿಲ್ಲ. ಒಂದು ಪೊಟ್ಟಣ ಒಣಮೀನು ಕಟ್ಟಿಕೊಡಲು ಒಳಗೆ ಹೋದ ವನಜ ಭರಣಿಗೆ ಕೈ ಹಾಕಿದಳು. ಒದ್ದೆ ಬಟ್ಟೆ ಬೆರಳಿಗೆ ಸಿಕ್ಕಿತು. ಬಿಚ್ಚಿದರೆ, ಉಪ್ಪುನೀರು ಕುಡಿದ ಪದಕದ ಮೇಲೆ ಆಗಲೇ ಹಸಿರು ಕಿಲುಬು.

ಗಂಡ ಮುತ್ತನ ಕೊನೆಯ ದಿನಗಳು ಕಣ್ಣಮುಂದೆ ಬಂದವು. ಆಸ್ಪತ್ರೆಯ ಹಾಸಿಗೆಯಲ್ಲಿ ಅವನ ಹುಣ್ಣು ತೊಳೆದು, ಬಟ್ಟೆ ಬದಲಿಸಿ, ಬಾಯಿಗೆ ಚಮಚದಲ್ಲಿ ನೀರು ಬಿಟ್ಟದ್ದು ಯಾರೋ ಒಬ್ಬ ನರ್ಸು. ಆ ಹುಡುಗಿಯ ಕೈ ಹಿಡಿದು ವನಜ ಅತ್ತಿದ್ದಳು. ಎಷ್ಟು ಗಂಡಸರನ್ನು ಮುಟ್ಟಿದ ಕೈ ಎಂದು ಅಂದು ಕೇಳಿರಲಿಲ್ಲ.

ಪೊಟ್ಟಣದ ಜೊತೆ ಪದಕವನ್ನೂ ಹಿಡಿದು ಹೊರಬಂದಳು.

"ಕುಸುಮಕ್ಕ, ನಾನ್ ಆಗ ಸುಳ್ಳ್ ಹೇಳ್ದೆ. ನನ್ ಮಗಳ್ ಗಂಡಸ್ರ ವಾರ್ಡಲ್ಲೇ ಇದ್ದದ್. ಕೈ ಹೋದವ್ರನ್ನ, ಕಾಲ್ ಹೋದವ್ರನ್ನ ತೊಳ್ದ್ ಮಲಗ್ಸಿತ್. ಅದ್ಕೇ ಇದ್ ಕೊಟ್ಟದ್."

ಕುಸುಮಾವತಿ ಎದ್ದರು. "ಮನೇಗೆ ಹೋಯಿ ಹೇಳ್ತೊ." ಉಲ್ಲಾಸ್ ಏನೋ ಹೇಳಲು ತಡವರಿಸಿ, ತಾಯಿಯ ಹಿಂದೆಯೇ ನಡೆದ. ಪೊಟ್ಟಣ ಜಗಲಿಯಲ್ಲೇ ಉಳಿಯಿತು.

"ನಾಲ್ಕನೇದೂ ಹೋಯ್ತಲ, ಅಬ್ಬಿ," ಸುಗುಣ ಮೆಲ್ಲನೆ ಅಂದಳು.

"ಹೋಪವ್ರ್ ಹೋಯ್ಲಿ. ನೀನ್ ಒಳ್ಗಿಂದ ಹುಳಿ ತಕಂಡ್ ಬಾ."

ವನಜ ದಾರಿಗೆ ಕಾಣುವಂತೆ ಜಗಲಿಯ ತುದಿಯಲ್ಲಿ ಕುಳಿತು, ಹುಣಸೆಹುಳಿ ಹಚ್ಚಿ ಪದಕ ತಿಕ್ಕತೊಡಗಿದಳು. ಮೀನುಬುಟ್ಟಿ ಹೊತ್ತು ಹೋಗುತ್ತಿದ್ದ ನೆರೆಮನೆಯ ಜಲಜ ನಿಂತಳು.

"ಹ್ವಾಯ್ ವನಜಕ್ಕ, ಎಂತ ತಿಕ್ಕುದ್? ದೇವ್ರ ದೀಪವಾ?"

"ನನ್ ಮಗಳ ಪದಕ," ವನಜ ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. "ಬುಟ್ಟಿ ಇಳ್ಸಿ ಬಾ. ಕಾಣ್."