ಹಾಲವ್ವನ ಪ್ಲೇಟು

ಧಾರಾವಿಯ ಆ ಚಾಳಿನಲ್ಲಿ ಹಾಲವ್ವನನ್ನು ಎಲ್ಲರೂ ಪ್ಲೇಟ್ ಆಯಿ, ಪ್ಲೇಟಿನ ಅಜ್ಜಿ, ಎಂದೇ ಕರೆಯುತ್ತಿದ್ದರು. ಪ್ರೀತಿಗಲ್ಲ, ಚೇಷ್ಟೆಗೆ. ಹದಿನಾರು ವರ್ಷದವಳಿದ್ದಾಗ ರೆಕಾರ್ಡ್ ಕಂಪನಿಯವರು ತನ್ನನ್ನು ತೇರದಾಳದಿಂದ ಹುಬ್ಬಳ್ಳಿಗೆ ಕರೆದೊಯ್ದು, ಎರಡು ಹಾಡು ಹಾಡಿಸಿ ಗ್ರಾಮಫೋನ್ ಪ್ಲೇಟಿಗೆ ಹಿಡಿದರು ಎಂದು ಅವಳು ಅರವತ್ತು ವರ್ಷದಿಂದ ಹೇಳುತ್ತ ಬಂದಿದ್ದಳು. ಪ್ಲೇಟು ಕಳಿಸುತ್ತೇವೆ ಅಂದವರು ಕಳಿಸಲಿಲ್ಲ. ತನ್ನ ಹಾಡನ್ನು ಅವಳು ಒಮ್ಮೆಯೂ ಕೇಳಿರಲಿಲ್ಲ. ಬೇರೆ ಯಾರೂ ಕೇಳಿರಲಿಲ್ಲ.

"ಏನ ಪ್ಲೇಟ್ ಆಯಿ, ಇವತ್ತ ಪ್ಲೇಟಿನಾಗ ಹಾಡೋ, ರೊಟ್ಟಿಯೋ?" ಎಂದು ನಲ್ಲಿಯ ಸಾಲಿನಲ್ಲಿ ಪಕ್ಕದ ಮನೆಯ ಮಲ್ಲಕ್ಕ ಕೇಳುವಳು. ಸಾಲಿಗೆ ಸಾಲೇ ನಗುವುದು.

"ನಗ್ರಿ, ನಗ್ರಿ. ಒಂದಿನ ಆ ಪ್ಲೇಟ ನಿಮ್ಮ ಮಾರಿಗೆ ಉತ್ತರ ಕೊಡತೈತಿ," ಎಂದು ಹಾಲವ್ವ ಕೊಡ ಎತ್ತಿಕೊಂಡು ಹೊರಡುವಳು.

ಮೊಮ್ಮಗಳು ಶೀತಲ್ ಹಿಂದೆ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ಅವಳ ಬಾಯಿಂದ ಮಾತು ಹೊರಡುವುದು ಅಪರೂಪ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು, ಕಟ್ಟಿಗೆಗೆ ಪಾಲಿಶ್ ಹೊಡೆಯುವ ಅಪ್ಪ ಅಣವೀರಪ್ಪನ ಕೈಕೆಳಗೆ ನಾಲ್ಕು ವರ್ಷ ದುಡಿದಿದ್ದಳು. ಅರಗಿನ ಚಕ್ಕೆಗಳನ್ನು ಸ್ಪಿರಿಟ್ಟಿನಲ್ಲಿ ನೆನೆಹಾಕಿ, ಕರಗುವ ತನಕ ಕಡ್ಡಿಯಿಂದ ಕದಡುವುದು ಅವಳ ಕೆಲಸ. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಅವಳು, ಆಯಿ ಇಬ್ಬರೇ.

ಈಗ ಅವಳು ದಿನಾ ಮಾಹಿಮ್‌ನಿಂದ ಲೋಕಲ್ ಹಿಡಿದು ಗ್ರಾಂಟ್ ರೋಡಿಗೆ ಹೋಗುತ್ತಿದ್ದಳು. ಅಲ್ಲಿ ಮೋನಪ್ಪನವರ ಹೋಟೆಲು. ಹೋಟೆಲಿನ ಮೇಲಿನ ಅಟ್ಟದಲ್ಲಿ ಅವರ ಮಗ ಸುಕೇಶನ ರೆಕಾರ್ಡ್ ಕಂಪನಿ. ಕಂಪನಿ ಎಂದರೆ ಒಂದು ಮೇಜು, ಎರಡು ಮಷಿನ್ನು, ಗೋಡೆತುಂಬ ರೆಕಾರ್ಡು. ಮೊಂಬಾಸಾದ ಮದುವೆ ಹಾಡು, ಕಾಂಗೋದ ಗಿಟಾರು, ಇಸ್ತಾಂಬುಲಿನ ಗಾಯಕಿಯರು, ಹೀಗೆ ಜಗತ್ತು ಮರೆತ ಹಾಡುಗಳನ್ನು ಹುಡುಕಿ, ಹಕ್ಕು ಪಡೆದು, ಸುಕೇಶ್ ಅವನ್ನು ಮತ್ತೆ ಹೊಸ ರೆಕಾರ್ಡಾಗಿ ಒತ್ತಿಸುತ್ತಿದ್ದ. ಒಂದೊಂದರದು ಮುನ್ನೂರು ಪ್ರತಿ. ಕೊಳ್ಳುವವರು ಹೆಚ್ಚಾಗಿ ಜಪಾನಿನವರು.

"ಆಫ್ರಿಕಾದವರ ಹಾಡು, ಜಪಾನಿನವರ ಕಿವಿ, ಧೂಳು ಮಾತ್ರ ನಮ್ಮ ಅಟ್ಟದ್ದು," ಎಂದು ಕೆಳಗೆ ಗಲ್ಲಾಪೆಟ್ಟಿಗೆಯ ಮುಂದೆ ಕೂತ ಮೋನಪ್ಪನವರು ಗಿರಾಕಿಗಳಿಗೆ ಹೇಳುತ್ತಿದ್ದರು.

ಆ ಧೂಳು ತೆಗೆಯುವವಳು ಶೀತಲ್. ಸ್ಪಿರಿಟ್ಟಿಗೆ ನೀರು ಬೆರೆಸಿ, ಮೆತ್ತನೆಯ ಬಟ್ಟೆಯಲ್ಲಿ ಗೆರೆಯ ಗುಂಟ ಸುತ್ತಲೂ ಒರೆಸಬೇಕು. ಹಠಮಾರಿ ಕೊಳೆಯಿದ್ದರೆ ನಾಲ್ಕು ಹನಿ ಹೆಚ್ಚು ಹಾಕಿ ಸ್ವಲ್ಪ ಹೊತ್ತು ಬಿಡಬೇಕು. ಯಾರೂ ಕೂರಿಸಿ ಕಲಿಸಿದ್ದಲ್ಲ. ಸುಕೇಶ್ ಮಾಡುವುದನ್ನು ಮೂಲೆಯಿಂದ ನೋಡಿ ಕಲಿತಳು. ಕೇಳುವುದಕ್ಕಿಂತ ನೋಡುವುದು ಅವಳಿಗೆ ಸುಲಭ. ಆದರೆ ಬಹಳ ಹಳೆಯ, ದಪ್ಪನೆಯ ಪ್ಲೇಟುಗಳನ್ನು ಸುಕೇಶ್ ವಡಾಲದ ತನ್ನ ಮನೆಯಲ್ಲೇ ತೊಳೆದು ತರುತ್ತಿದ್ದ. ಅದನ್ನು ಅವಳು ನೋಡಿರಲಿಲ್ಲ.

ಬೇಸಿಗೆಯಲ್ಲಿ ಅವನು ಹೊಸ ಸಂಗ್ರಹಕ್ಕೆ ಕೈಹಾಕಿದ: ಒಂದೇ ಒಂದು ಪ್ಲೇಟು ಹಾಡಿ ಮರೆಯಾದ ಹೆಣ್ಣುಮಕ್ಕಳು, ಹತ್ತು ದೇಶದವರು. ಮುಚ್ಚಿಹೋದ ಯಾವುದೋ ಕಂಪನಿಯ ಹಳೆಯ ಪಟ್ಟಿ ಹಿಡಿದು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದ. "ಕುಮಾರಿ ಹಾಲವ್ವ, ತೇರದಾಳ. ಇದು ಎಲ್ಲಿ ಬರ್ತದೆ ಮಾರಾಯ್ತಿ, ನಿಮ್ಮ ಕಡೆಯಾ?"

ಶೀತಲ್‌ಳ ಕೈಯಲ್ಲಿದ್ದ ಬಟ್ಟೆ ನೆಲಕ್ಕೆ ಬಿತ್ತು. "ಅದು ನಮ್ಮ ಆಯಿರೀ," ಅಂದಳು. ಕೆಲಸಕ್ಕೆ ಸೇರಿದ ಎರಡು ವರ್ಷದಲ್ಲಿ ಅವಳು ತಾನಾಗಿ ಆಡಿದ ಮೊದಲ ಮಾತು ಅದಿರಬೇಕು.

ಸುಕೇಶ್ ಹುಡುಕದ ಜಾಗವಿಲ್ಲ. ಕೊನೆಗೆ ಸೊಲ್ಲಾಪುರದ ಒಬ್ಬರ ಹತ್ತಿರ ಒಂದು ಪ್ರತಿ ಇದೆಯೆಂದು ಗೊತ್ತಾಯಿತು. ಎಲ್ಲಿಯೂ ಇನ್ನೊಂದಿಲ್ಲ. ಅವರು ಕೊಡುತ್ತೇನೆಂದ ನಂಬಿಕೆಯ ಮೇಲೆ ರೆಕಾರ್ಡಿನ ಹೊದಿಕೆಯೂ ಅಚ್ಚಾಗಿ ಬಂತು. ಎರಡನೆಯ ಬದಿ, ಮೂರನೆಯ ಹಾಡು: ಹಾಲವ್ವ.

ಪ್ಲೇಟು ಕೊರಿಯರ್‌ನಲ್ಲಿ ಬಂದದ್ದು ಒಂದು ಬುಧವಾರ ಬೆಳಿಗ್ಗೆ. ಸುಕೇಶ್ ದಪ್ಪ ಪ್ಲೇಟು ನುಡಿಸುವ ಸೂಜಿಯನ್ನು ರಿಪೇರಿಗೆ ಕೊಟ್ಟು ಆ ಅಂಗಡಿಯಲ್ಲೇ ಕಾಯುತ್ತಿದ್ದ. ಫೋನಿನಲ್ಲಿ ಅವನ ದನಿ ಕುಣಿಯುತ್ತಿತ್ತು. "ತೆಗೆದು ಮೇಜಿನ ಮೇಲೆ ಇಡು. ನಾಲ್ಕು ಗಂಟೆಗೆ ಬರ್ತೇನೆ. ಅಜ್ಜಿಗೂ ಬರ್ಲಿಕ್ಕೆ ಹೇಳು, ಮೊದಲು ಅವರೇ ಕೇಳ್ಲಿ."

ಒರೆಸಿ ಇಡಲೇನ್ರೀ ಎಂದು ಕೇಳಬೇಕೆಂದಿದ್ದಳು. ಮಾತು ನಾಲಿಗೆಯ ತುದಿಗೆ ಬರುವಷ್ಟರಲ್ಲಿ ಅವನು ಫೋನ್ ಇಟ್ಟಿದ್ದ. ಮತ್ತೆ ಮಾಡಲು ಸಂಕೋಚ.

ಪ್ಲೇಟಿನ ಮೇಲೆ ಬೂಸು ಹಿಡಿದಿತ್ತು. ನಡುವಿನ ಕೆಂಪು ಕಾಗದದಲ್ಲಿ ಆಯಿಯ ಹೆಸರಿತ್ತು. ಇಷ್ಟು ಕೊಳೆಯಾದದ್ದನ್ನು ಆಯಿಯ ಮುಂದೆ ಇಡುವುದೇ? ಬೇರೆಯವರ ಆಯಿಯಂದಿರ ರೆಕಾರ್ಡುಗಳನ್ನು ಕನ್ನಡಿಯ ಹಾಗೆ ಒರೆಸಿದ ಕೈ ಇದು. ಅವಳು ಹೊಸ ಬಟ್ಟೆ ತೆಗೆದಳು. ಒಂದು ಬದಿಗೆ ಸ್ಪಿರಿಟ್ ಹನಿಸಿ ಒರೆಸಿದಳು. ಬಟ್ಟೆಗೆ ಕಪ್ಪು ಬಂತು. ಅರವತ್ತು ವರ್ಷದ ಕೊಳೆ ಎಂದುಕೊಂಡು ಇನ್ನಷ್ಟು ಹಾಕಿ ನೆನೆಯಲು ಬಿಟ್ಟಳು. ತಿರುವಿ ಹಾಕಿ ಇನ್ನೊಂದು ಬದಿಗೂ ಹಾಗೆಯೇ ಮಾಡಿದಳು. ಕಪ್ಪು ಬರುತ್ತಲೇ ಇತ್ತು, ಅವಳ ಖುಷಿ ಏರುತ್ತಲೇ ಇತ್ತು.

ಆಮೇಲೆ ವಾಸನೆ ಬಂತು. ಅಪ್ಪನ ಪಾಲಿಶ್ ಡಬ್ಬಿಯ ವಾಸನೆ.

ಅವಳ ಕೈ ನಿಂತಿತು. ಬಟ್ಟೆ ಪ್ಲೇಟಿಗೆ ಅಂಟಿಕೊಂಡಿತ್ತು. ಎಳೆದರೆ ನೂಲು ಅಲ್ಲೇ ಉಳಿಯಿತು. ಕೂದಲೆಳೆಯಂಥ ಗೆರೆಗಳೆಲ್ಲ ಮೆತ್ತಗಾಗಿ ಒಂದರೊಳಗೊಂದು ಸೇರಿಹೋಗಿದ್ದವು. ಅವಳು ದಿನಾ ಒರೆಸುವ ರೆಕಾರ್ಡುಗಳಂತೆ ಈ ಪ್ಲೇಟು ಪ್ಲಾಸ್ಟಿಕ್ಕಿನದಲ್ಲ, ಅರಗಿನದು. ಅರಗು ಸ್ಪಿರಿಟ್ಟಿಗೆ ಏನಾಗುತ್ತದೆ ಎಂಬುದು ಮುಂಬಯಿಯಲ್ಲಿ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ನಾಲ್ಕಕ್ಕೆ ಬಂದ ಸುಕೇಶ್ ಪ್ಲೇಟು ನೋಡಿದ, ಬಾಟಲಿ ನೋಡಿದ, ಅವಳ ಮುಖ ನೋಡಿದ. "ಎಂತ ಮಾಡಿದೆ ಶೀತಲ್," ಅಂದ. ಬೈಯಲಿಲ್ಲ. ಸ್ಟೂಲಿನ ಮೇಲೆ ಕೂತು ಪ್ಲೇಟಿಗೆ ಅಂಟಿದ ನೂಲುಗಳನ್ನು ಒಂದೊಂದಾಗಿ ಬಿಡಿಸತೊಡಗಿದ.

ಐದಕ್ಕೆ ಹಾಲವ್ವ ಬಂದಳು. ಪೆಟ್ಟಿಗೆಯ ತಳದಲ್ಲಿದ್ದ ಇಳಕಲ್ ಸೀರೆ ಉಟ್ಟಿದ್ದಳು. ಸಾಕ್ಷಿಗೆಂದು ಮಲ್ಲಕ್ಕನನ್ನೇ ಎಳೆದು ತಂದಿದ್ದಳು. ಮೋನಪ್ಪನವರು ಫ್ಯಾನಿನ ಕೆಳಗೆ ಕೂರಿಸಿ ಕಾಫಿ ಕೊಟ್ಟರು. "ಅಟ್ಟದ ಮೆಟ್ಟಿಲು ಜಾಗ್ರತೆ ಅಜ್ಜಿ. ಹಾಡುಗಾರರು ಬಿದ್ದರೆ ನನ್ನ ಹೋಟೆಲಿಗೆ ಕೆಟ್ಟ ಹೆಸರು."

"ಬಿದ್ದರ ಹಾಡಕೋತ ಬೀಳತೀನಿ, ಬಿಡ್ರಿ ಸಾವಕಾರ್ರ," ಅಂದಳು ಹಾಲವ್ವ. ಮಲ್ಲಕ್ಕನೂ ನಕ್ಕಳು.

ಹಾಲವ್ವ ಮೇಲೆ ಬಂದು ಮಷಿನ್ನಿನ ಮುಂದೆ ಕೈಕಟ್ಟಿ ಕೂತಳು. ಪ್ಲೇಟಿನ ಮೇಲಿನ ಹೆಸರು ಓದಲು ಅವಳಿಗೂ ಮಲ್ಲಕ್ಕನಿಗೂ ಅಕ್ಷರ ಬರುತ್ತಿರಲಿಲ್ಲ. ಸುಕೇಶ್ ಶೀತಲ್‌ಳ ಕಡೆ ನೋಡಿದ. ಅವಳು ಗೋಡೆಗೆ ಒರಗಿ ನಿಂತಿದ್ದಳು. ಅವನೇ ಅಂದ, "ಬಹಳ ಹಳೆಯದು ಅಜ್ಜಿ, ಸ್ವಲ್ಪ ಹಾಳಾಗಿ ಬಂದಿದೆ." ಸೂಜಿ ಇಳಿಸಿದ.

ಎಣ್ಣೆಗೆ ಹಪ್ಪಳ ಬಿಟ್ಟಂಥ ಸದ್ದು. ಅದರ ಹಿಂದೆ ಎಲ್ಲೋ ಏನೋ ಏರಿ ಇಳಿದಂತಾಯಿತು. ಅದು ದನಿಯೋ, ಕೆಳಗೆ ರಸ್ತೆಯಲ್ಲಿ ಹೋದ ಬಸ್ಸೋ ಹೇಳುವಂತಿರಲಿಲ್ಲ. ಮೂರು ನಿಮಿಷ. ಹಾಲವ್ವ ಕಿವಿ ಕೊಟ್ಟು ಕೊನೆಯ ತನಕ ಕೂತಳು. ತಿರುವಿ ಹಾಕಲು ಹೇಳಿದಳು. ಅಲ್ಲಿಯೂ ಅದೇ ಸದ್ದು.

"ಇದರಾಗ ನಾ ಇಲ್ಲ," ಅಂದಳು. ಮಲ್ಲಕ್ಕ ನಗುತ್ತಾಳೆಂದು ಶೀತಲ್ ಕಾದಳು. ಮಲ್ಲಕ್ಕ ನಗಲಿಲ್ಲ. ಮುದುಕಿಯ ರಟ್ಟೆ ಹಿಡಿದು ಮೆಲ್ಲಗೆ ಮೆಟ್ಟಿಲು ಇಳಿಸಿದಳು.

ಲೋಕಲ್‌ನಲ್ಲಿ ದಾದರ್ ದಾಟಿದ ಮೇಲೆ ಹಾಲವ್ವ ಒಂದೇ ಮಾತು ಆಡಿದಳು. "ಹಾಡಿದ್ನೋ ಇಲ್ಲೋ, ಈಗ ನನಗೂ ನೆಪ್ಪ ಹತ್ತವಲ್ದು."

ಮರುವಾರ ಆ ಜಾಗಕ್ಕೆ ಜಾಂಜಿಬಾರಿನ ಒಬ್ಬಾಕೆಯ ಹಾಡು ಬಂತು. ಹೊದಿಕೆ ಮತ್ತೆ ಅಚ್ಚು ಹಾಕಿಸುವ ಶಕ್ತಿ ಸುಕೇಶನಿಗಿರಲಿಲ್ಲ. ಕಪ್ಪು ಸ್ಟಿಕರ್ ತಂದು ಮೇಜಿನ ಮೇಲಿಟ್ಟು, "ನಾನೇ ಹಚ್ತೇನೆ, ನೀನು ಬೇಡ," ಅಂದ. ಅವಳು ಕೇಳಲಿಲ್ಲ. ಎರಡು ದಿನ ಕೂತು ಮುನ್ನೂರು ಸಲ ಆಯಿಯ ಹೆಸರಿನ ಮೇಲೆ ಸ್ಟಿಕರ್ ಹಚ್ಚಿದಳು. ಒಂದೂ ಓರೆಯಾಗಲಿಲ್ಲ.

ಹಾಲವ್ವ ನಲ್ಲಿಯ ಹತ್ತಿರ ಪ್ಲೇಟಿನ ಮಾತೆತ್ತುವುದನ್ನು ಬಿಟ್ಟಳು. ಚಾಳಿನವರೂ ಬಿಟ್ಟರು. ಒಂದು ದಿನ ಮಲ್ಲಕ್ಕ, "ಹಾಲವ್ವಾಯಿ, ನೀವು ಮುಂದ ಬರ್ರಿ, ಮೊದಲ ತುಂಬಿಸ್ಕೊರ್ರಿ," ಎಂದು ಸಾಲಿನಲ್ಲಿ ತನ್ನ ಜಾಗ ಬಿಟ್ಟುಕೊಟ್ಟಳು. ಆ ಮರ್ಯಾದೆಯನ್ನು ಶೀತಲ್‌ಳಿಗೆ ನೋಡಲಾಗಲಿಲ್ಲ.

ಅಂದೇ ರಾತ್ರಿ, ರೊಟ್ಟಿ ತಟ್ಟುತ್ತಿದ್ದ ಆಯಿಯ ಮುಂದೆ ಕೂತು ಹೇಳಿದಳು. ಹೇಳಲು ಅವಳಿಗೆ ಒಂದೂವರೆ ತಿಂಗಳು ಹಿಡಿದಿತ್ತು. "ಆಯಿ, ಪ್ಲೇಟಿನಾಗ ನಿನ್ನ ಹಾಡ ಇತ್ತು. ಚಲೋನ ಇತ್ತು. ನಾನ ಸ್ಪಿರಿಟ್ ಹಚ್ಚಿ ಅಳಿಸಿಬಿಟ್ಟೆ."

ಹಾಲವ್ವ ರೊಟ್ಟಿಯ ಕೆಳಗೆ ಇನ್ನಷ್ಟು ಹಿಟ್ಟು ಉದುರಿಸಿದಳು. ಆಮೇಲೆ ಮತ್ತೆ ತಟ್ಟತೊಡಗಿದಳು.

"ಖರೇನ ಆಯಿ. ಕೆಂಪು ಕಾಗದದ ಮ್ಯಾಲೆ ನಿನ್ನ ಹೆಸರಿತ್ತು. ನಿನ್ನಾಣಿ."

"ಆಣಿ ಹಾಕಬ್ಯಾಡ ಮಗಾ," ಅಂದಳು ಹಾಲವ್ವ, ರೊಟ್ಟಿಯನ್ನು ಹಂಚಿಗೆ ಹಾಕುತ್ತ. "ನನ್ನ ಸಮಾಧಾನಕ್ಕ ಇಷ್ಟ ದೊಡ್ಡ ಸುಳ್ಳ ಯಾಕ ಹೇಳತಿ? ಉಣ್ಣು, ಆರತೈತಿ."