ಉಪ್ಪು ಬೀಳುವ ತನಕ

ಕಿತ್ತಳೆ ಸಿಪ್ಪೆಯಿಂದ ಚಿಮ್ಮಿದ ಹನಿ ಸೀದಾ ಎಡಗಣ್ಣಿಗೆ ಬಿತ್ತು, ಉರಿ, ಮುಚ್ಚಿದರೂ ಉರಿ, ತೆರೆದರೂ ಉರಿ, ಒರೆಸಿಕೊಳ್ಳೋಣವೆಂದರೆ ಎರಡೂ ಕೈಗೆ ರಸ ಹತ್ತಿದೆ, ಸೆರಗಿಗೆ ಮುಖ ಒತ್ತಿದರೆ ಎದುರಿಗೆ ಜಮಖಾನದ ಮೇಲೆ ಕೂತವರು ಏನಂದಾರು, ಗ್ರಾಮಸೇವಿಕೆ ಅಂಜಮ್ಮ ಅಳ್ತಾಳೆ ನೋಡ್ರೇ ಅಂದಾರು, ಅಳುವುದೇ, ಅಳುವುದಕ್ಕೆ ಇನ್ನೂ ಹೊತ್ತಿದೆ, ಮೊದಲು ಈ ಹಣ್ಣಿನ ತೊಳೆ ಬಿಡಿಸಬೇಕು, ತೊಳೆಯ ಮೇಲಿನ ಪೊರೆ ಸುಲಿಯಬೇಕು, ಬೀಜ ತೆಗೆಯಬೇಕು — ಬೀಜ ಹಲ್ಲಿಗೆ ಸಿಕ್ಕರೆ ಕಹಿ, ತಿನ್ನುವವರ ಮುಖ ಹುಳ್ಳಗಾಗುತ್ತದೆ, ತಿನ್ನುವವರು, ಆಹಾ, ತಿನ್ನುವವರು ಯಾರು ಅನ್ನುವುದೇ ಇನ್ನೂ ಇತ್ಯರ್ಥವಾಗಿಲ್ಲ, ಇವಳು ಆಗಲೇ ಅವರ ಹಲ್ಲಿನ ಚಿಂತೆ ಮಾಡುತ್ತಿದ್ದಾಳೆ. ನ್ಯಾಮತಿಯ ಮಹಿಳಾ ಮಂಡಳಿಗೆ ಇರುವುದು ಇದೊಂದೇ ಕೋಣೆ, ಇವತ್ತಿನ ಪೌಷ್ಟಿಕ ಆಹಾರದ ಪಾಠಕ್ಕೆಂದು ಹೊಲಿಗೆ ಯಂತ್ರವನ್ನು ಮೂಲೆಗೆ ತಳ್ಳಿ ಜಾಗ ಮಾಡಿದ್ದಾರೆ, ಗೋಡೆಯಲ್ಲಿ ೧೯೭೯ರ ಹೊಸ ಕ್ಯಾಲೆಂಡರು, ಸುರುಳಿ ಇನ್ನೂ ಬಿಟ್ಟಿಲ್ಲ, ಕೆಳಗಿನ ತುದಿ ಮೇಲಕ್ಕೆ ಸುತ್ತಿಕೊಳ್ಳುತ್ತಲೇ ಇದೆ. ಒಂದೇ ಕಣ್ಣಲ್ಲಿ ಮೇಜಿನ ಮೇಲಿದ್ದುದನ್ನೆಲ್ಲ ನೋಡಿಕೊಂಡಳು, ಸ್ಟೀಲಿನ ಪರಾತದ ಒಂದು ಬದಿಗೆ ತುರಿದ ಗಜ್ಜರಿ, ಪಕ್ಕದಲ್ಲಿ ಸಣ್ಣಗೆ ಹೆಚ್ಚಿದ ಎಲೆಕೋಸು, ಸೌತೆಕಾಯಿ, ಸುಲಿದ ಹಸಿ ಕಡಲೆಕಾಳು, ಚಕ್ಕೋತದ ನಸುಗೆಂಪು ಎಸಳು, ಮೂಲಂಗಿ ಇನ್ನೂ ಹೆಚ್ಚಬೇಕು, ಬೀಟ್‌ರೂಟ್ ತುರಿ ಬೇರೆ ಬಟ್ಟಲಲ್ಲಿ ಮುಚ್ಚಿಟ್ಟಿದೆ, ಅದನ್ನು ಮೊದಲೇ ಬೆರೆಸಿದರೆ ಎಲ್ಲದಕ್ಕೂ ತನ್ನ ಬಣ್ಣ ಬಳಿದುಬಿಡುತ್ತದೆ, ಮತ್ತೆ ಎಲ್ಲಕ್ಕಿಂತ ಆಚೆಗೆ, ಮೊಣಕೈಯ ಹತ್ತಿರ, ಉಪ್ಪಿನ ಡಬ್ಬಿ. ಡಬ್ಬಿಯ ಕಡೆ ನೋಡಬಾರದು. ಮುಂದಿನ ಸಾಲಿನಲ್ಲಿ ಕೂತ ಸಿದ್ದಲಿಂಗಮ್ಮನವರೂ ಅದನ್ನೇ ನೋಡುತ್ತಿದ್ದಾರೆ.

ಬೆಳಿಗ್ಗೆ ಅವರೇ ಬಂದಿದ್ದರು, ಮಂಡಳಿಯ ಅಧ್ಯಕ್ಷೆ, ದೊಡ್ಡ ಮನೆಯ ಹೆಂಗಸು, ಹಣೆಯ ವಿಭೂತಿ ಇನ್ನೂ ಹಸಿಹಸಿ, ಇವಳ ಬಾಡಿಗೆ ಕೋಣೆಯ ಹೊಸ್ತಿಲಾಚೆ ನಿಂತರು, ಒಳಗೆ ಬರ್ರೀ ಅಂದರೆ ಇರಲಿ ಬಿಡವ್ವ ಇಲ್ಲೇ ತಣ್ಣಗೈತೆ — ಪುಷ್ಯದ ಚಳಿಯಲ್ಲಿ ಯಾರಿಗೆ ಬೇಕಿತ್ತೋ ತಣ್ಣಗೆ! — ಅಲ್ಲಿಂದಲೇ ಕತ್ತು ಚಾಚಿ ಗೋಡೆಯ ಮೇಲಿನ ಬುದ್ಧನ ಪಟ ನೋಡಿ, ಇದ್ಯಾವ ದೇವರವ್ವ, ಕಣ್ಣು ಮುಚ್ಕೊಂಡೇ ಕುಂತೈತೆ, ನಮ್ಮ ಕಷ್ಟ ಹೆಂಗೆ ಕಾಣ್ಬೇಕು ಅದಕ್ಕೆ ಅಂದು ನಕ್ಕರು, ಇವಳೂ ನಕ್ಕಳು, ನಗದೆ ಏನು ಮಾಡುವುದು, ಊರಲ್ಲಿ ಯಾರೂ ಮನೆ ಕೊಡದಿದ್ದಾಗ ಓಡಾಡಿ ಈ ಕೋಣೆ ಕೊಡಿಸಿದವರು ಅವರು, ಜ್ವರ ಬಂದು ಮಲಗಿದಾಗ ಗಂಜಿ ಕಳಿಸಿದವರು ಅವರು, ಗಂಜಿಯ ಪಾತ್ರೆಯನ್ನು ಮಾತ್ರ ವಾಪಸು ಕೇಳಲಿಲ್ಲ, ಇವಳು ಬೆಳಗಿ ಒಯ್ದು ಕೊಟ್ಟರೂ ನೀನೇ ಇಟ್ಕೊಳವ್ವ ಅಂದರು, ಇಟ್ಟುಕೊಂಡಿದ್ದಾಳೆ, ಒಳ್ಳೆಯವರು, ನಿಜವಾಗಿಯೂ ಒಳ್ಳೆಯವರು, ಅದೇ ಫಜೀತಿ, ಕೆಟ್ಟವರಾಗಿದ್ದರೆ ಎಷ್ಟು ಸಲೀಸಿತ್ತು. ಆಮೇಲೆ ದನಿ ಇಳಿಸಿದರು, ನಿನ್ನ ಒಳ್ಳೇದಕ್ಕೇ ಹೇಳ್ತೀನಿ ಕೇಳವ್ವ ಅಂಜಮ್ಮ, ತರಕಾರಿ ನೀನೇ ಹೆಚ್ಚು, ಹಣ್ಣು ನೀನೇ ಸುಲಿ, ಯಾರೂ ಏನೂ ಅನ್ನಲ್ಲ, ಉಪ್ಪು ಬೀಳೋ ತನಕ ಅದು ಬರೀ ತರಕಾರಿ, ಸಂತೇಲಿ ಯಾರ್ಯಾರೋ ಮುಟ್ಟಿದ್ದನ್ನ ನಾವು ತರಲ್ವೇನು, ಉಪ್ಪು ಬಿತ್ತೋ ಅಡಿಗೆ ಆಯ್ತು, ಅಡಿಗೆ ಆಯ್ತೋ, ಯಾರ ಕೈಯಿಂದು ಅಂತ ಕೇಳ್ತಾರೆ, ಅದಕ್ಕೆ ಉಪ್ಪಿನ ಹೊತ್ತಿಗೆ ಡಬ್ಬಿ ನನಗೆ ಕೊಟ್ಬಿಡು, ನಾನು ಹಾಕಿ ಕಲಸ್ತೀನಿ, ಎಲ್ರೂ ತಿಂತಾರೆ, ಹೊನ್ನಾಳಿಯಿಂದ ಬರೋ ಅಕ್ಕೋರು ಕಣ್ಣಾರೆ ನೋಡ್ತಾರೆ, ನಿನ್ನ ನೌಕರಿ ಕಾಯಂ ಆಗ್ತೈತೆ, ಒಂದು ಚಿಟಿಕೆ ಉಪ್ಪಿಗೆ ಯಾಕೆ ಬೇಕು ತಾಪತ್ರಯ. ಹೇಳುತ್ತ ಬಲಗೈ ಚಾಚಿ ಅಂಗೈ ಬಿಚ್ಚಿ ತೋರಿಸಿದರು, ಹಿಂಗೆ ಕೈ ಒಡ್ತೀನಿ, ಆಗ ಕೊಡು. ದುಂಡನೆಯ ಅಂಗೈ, ನಡುವೆ ಆಳವಾದ ಒಂದು ಗೆರೆ, ಮಣಿಕಟ್ಟಿಗೆ ಹಸಿರು ಬಳೆ. ಇವಳು ಹೂಂ ಅಂದಳೋ ಊಹೂಂ ಅಂದಳೋ ಈಗ ನೆನಪಿಲ್ಲ, ಅವರು ಹೋದ ಮೇಲೂ ಹೊಸ್ತಿಲಾಚೆ ಆ ಅಂಗೈ ನಿಂತೇ ಇದ್ದಂತಿತ್ತು.

ಮೂಲಂಗಿ. ಚಾಕು ಇಟ್ಟರೆ ಕರಕ್ ಅನ್ನುತ್ತದೆ, ಚಳಿಗಾಲದ ಮೂಲಂಗಿ, ಬೆಂಡಾಗಿಲ್ಲ, ತೆಳ್ಳಗೆ, ಇನ್ನೂ ತೆಳ್ಳಗೆ, ಬಿಲ್ಲೆಯ ಆಚೆಗಿನ ಬೆಳಕು ಕಾಣಬೇಕು ಅಂತ ತರಬೇತಿಯಲ್ಲಿ ಕಲಿಸಿದ್ದರು, ಅಲ್ಲಿ ಇದರ ಹೆಸರು ಸಲಾಡ್, ಇಲ್ಲಿ ಕೋಸಂಬರಿ, ಬಣ್ಣಬಣ್ಣದ ತರಕಾರಿ ಹಸಿಯಾಗಿ ತಿಂದರೆ, ಹುಳಿಹಣ್ಣು ತಿಂದರೆ — ಗಟ್ಟಿಯಾಗಿ ಹೇಳಿ ಅಂಜಮ್ಮ, ಹಿಂದಿನವರಿಗೆ ಕೇಳಿಸ್ತಿಲ್ಲ — ಇದು ಕುರ್ಚಿಯಲ್ಲಿ ಕೂತ ಮೇಲ್ವಿಚಾರಕಿಯವರು, ಹೊನ್ನಾಳಿಯ ಬಸ್ಸಿನ ಧೂಳನ್ನು ಇನ್ನೂ ಕರವಸ್ತ್ರದಲ್ಲಿ ಒರೆಸಿಕೊಳ್ಳುತ್ತಿದ್ದಾರೆ, ಗಟ್ಟಿಯಾಗಿಯೇ ಹೇಳಿದಳು, ಮಕ್ಕಳ ವಸಡಿನ ರಕ್ತ ನಿಲ್ಲುತ್ತದೆ, ಹುಳಿಹಣ್ಣಿನಲ್ಲಿ ಜೀವಸತ್ವ ಇದೆ, ಬಾಯಿ ತನ್ನ ಪಾಡಿಗೆ ಜೀವಸತ್ವ ಅನ್ನುತ್ತಿರುವಾಗ ಮನಸ್ಸು ಚನ್ನಗಿರಿ ಕಡೆಯ ಆ ಹಳ್ಳಿಗೆ ಹೋಗಿ ನಿಂತಿದೆ, ಹೋದ ಚಳಿಗಾಲ, ಅವಳ ಮೊದಲ ಊರು, ಇದೇ ತರಕಾರಿ, ಹೆಚ್ಚುವ ತನಕ ಎಲ್ಲರೂ ಕತ್ತು ನೀಡಿ ನೋಡಿದರು, ತಟ್ಟೆಗೆ ಬಡಿಸಿದ್ದೇ ತಡ ಒಬ್ಬರಿಗೆ ಎಮ್ಮೆ ಕಟ್ಟುವುದು ನೆನಪಾಯಿತು, ಒಬ್ಬರಿಗೆ ಹಲ್ಲುನೋವು ಬಂತು, ಒಬ್ಬರಿಗೆ ಸೋಮವಾರದ ಒಪ್ಪತ್ತು, ಅವತ್ತು ಬುಧವಾರ, ಕೊನೆಗೊಬ್ಬಾಕೆ ಪಾಪ ಇವಳ ಮರ್ಯಾದೆ ಉಳಿಸಲು ಹೇಳಿದಳು, ಉಪ್ಪು ಮುಂಚೇನೇ ಹಾಕ್ಬಿಟ್ಯಲ್ಲವ್ವ, ನೀರು ಬಿಟ್ಟೈತೆ, ಹಿಂಗಾದ್ರೆ ತಿನ್ನಾಕೆ ಆಗಲ್ಲ. ನಿಜ, ಪರಾತದ ತಳದಲ್ಲಿ ಬೀಟ್‌ರೂಟಿನ ಕೆಂಪು ನೀರು ನಿಂತಿತ್ತು, ಅದರಲ್ಲಿ ಒಂದು ಇರುವೆ ಈಜುತ್ತಿತ್ತು, ಇವಳು ನಂಬಿದಳು, ತಪ್ಪು ನೀರಿನದೇ ಅಂತ ನಂಬಿದಳು, ನಂಬುವುದು ಅವಳಿಗೆ ಬೇಕಾಗಿತ್ತು, ಜಗಳೂರಿಗೆ ಹೋಗಿ ಅವ್ವನ ಒಲೆಯ ಮುಂದೆ ಕೂತು ಸೌತೆಕಾಯಿ ಹೆಚ್ಚಿ ಹೆಚ್ಚಿ, ಉಪ್ಪು ಯಾವಾಗ ಹಾಕಿದರೆ ನೀರು ಬಿಡುವುದಿಲ್ಲ ಅಂತ ಕಲಿತಳು, ಕಟ್ಟಕಡೆಗೆ, ಬಾಯಿಗಿಡುವ ಮುಂಚೆ, ಆಗ ಹಾಕಬೇಕು. ಅವ್ವ ಗಿಡ್ಡಮ್ಮ ಹೆಚ್ಚಿದ್ದನ್ನೆಲ್ಲ ತಿಂದು ಮುಗಿಸಿ, ಅವ್ರು ಎದ್ದೋಗಿದ್ದು ನೀರಿಗಲ್ಲ ಕಣೇ ಹುಚ್ಚಿ ಅಂದಳು, ಅಷ್ಟೇ ಅಂದಳು, ಇನ್ನೊಂದು ಸೌತೆಕಾಯಿ ಮುಂದಕ್ಕೆ ಸರಿಸಿದಳು. ಆಮೇಲೆ ವರ್ಗ, ಆಮೇಲೆ ನ್ಯಾಮತಿ, ಈ ಊರಲ್ಲೂ ಯಾರೂ ಮುಟ್ಟಲಿಲ್ಲ ಅಂದ್ರೆ ಜನರ ಜೊತೆ ಹೊಂದಿಕೊಳ್ಳೋದಿಲ್ಲ ಅಂತ ಬರೀಬೇಕಾಗುತ್ತೆ ಅಂಜಮ್ಮ, ನನ್ನ ಕೈಲೇನಿದೆ ಹೇಳಿ, ಮೇಲ್ವಿಚಾರಕಿಯವರು ಬಸ್ಸಿಳಿಯುತ್ತಲೇ ಅಂದದ್ದು. ನೌಕರಿ ಹೋದರೆ ಅವ್ವ ಮತ್ತೆ ಶೇಂಗಾ ಕೀಳಲು ಹೋಗುತ್ತಾಳೆ, ಬಾಗಿದ ಸೊಂಟವನ್ನು ಇನ್ನೊಂದಿಷ್ಟು ಬಾಗಿಸಿಕೊಂಡು.

ಶೇಂಗಾ — ಹಾ, ಬೆರಳು, ಚಾಕು ತಾಗಿತು, ತೋರುಬೆರಳಿನ ತುದಿ, ರಕ್ತ ಬಂತೇ, ಇಲ್ಲ, ಬರೀ ಗೀರು, ಯಾರೂ ನೋಡಲಿಲ್ಲ, ಆದರೆ ನಿಂಬೆಹಣ್ಣಿಗೆ ಗೊತ್ತಾಯಿತು, ಹಿಂಡಿದ ಕೂಡಲೇ ಗೀರಿನೊಳಗೆ ಹುಳಿ ಇಳಿದು ಚುರ್ ಅಂದಿತು, ಹಲ್ಲು ಕಚ್ಚಿ ನಕ್ಕಳು, ನಗುತ್ತಲೇ ಇರಬೇಕು, ಗ್ರಾಮಸೇವಿಕೆಯ ಮುಖ ಯಾವಾಗಲೂ ಪ್ರಸನ್ನವಾಗಿರಬೇಕು. ಜಗಳೂರಿನ ಆಚೆ ಚಿಕ್ಕಂದಿನ ಆ ಶೇಂಗಾ ಹೊಲ, ನೆತ್ತಿ ಸುಡುವ ಬಿಸಿಲು, ಬದುವಿನ ಮೇಲೆ ಅವ್ವ, ಅವ್ವನ ಪಕ್ಕ ಇವಳು, ಇಬ್ಬರೂ ಬೊಗಸೆ ಒಡ್ಡಿದ್ದಾರೆ, ಹೊಲದ ಒಡತಿ ನಿಂತು ಎತ್ತರದಿಂದ ಮಜ್ಜಿಗೆ ಹೊಯ್ಯುತ್ತಾಳೆ, ತಂಬಿಗೆಗೂ ಬೊಗಸೆಗೂ ನಡುವೆ ಅಷ್ಟೊಂದು ಬಯಲು, ಮಜ್ಜಿಗೆ ಮೊಣಕೈಗೆ ಇಳಿದು ಲಂಗಕ್ಕೆ ಸೋರುತ್ತದೆ, ಸಪ್ಪಗೈತವ್ವ ಅಂತ ಬಾಯಿಬಿಟ್ಟವಳು ಇವಳೇ, ಚಿಕ್ಕವಳು, ಬುದ್ಧಿಯಿಲ್ಲ, ಅವ್ವ ತೊಡೆ ಚಿವುಟಿದಳು, ಒಡತಿ ಮಾತ್ರ ಸಿಟ್ಟಾಗಲಿಲ್ಲ, ಅಬ್ಬಬ್ಬಾ ಇದರ ನಾಲಿಗೆ ರುಚಿ ನೋಡ್ರೇ, ಹಿಡಿ ಕೈ ಅಂದು ಒಂದು ಚಿಟಿಕೆ ಉಪ್ಪನ್ನು ಮೇಲಿನಿಂದಲೇ ಬಿಟ್ಟಳು, ಗಾಳಿ ಬೀಸಿತು, ಅರ್ಧ ಗಾಳಿಗೆ ಹೋಯಿತು, ಅರ್ಧ ಅಂಗೈಗೆ ಬಿತ್ತು, ಇನ್ನೂ ಬರುತ್ತದೇನೋ ಅಂತ ಇವಳು ಅಂಗೈ ಬಿಚ್ಚಿಕೊಂಡೇ ನಿಂತಿದ್ದಳು, ಬರಲಿಲ್ಲ. ಒಡತಿಯೂ ಒಳ್ಳೆಯವಳೇ. ಆಹಾ, ಏನ್ ಬಣ್ಣ ಕಣ್ರೇ, ಹೋಳಿ ಹುಣ್ಣಿಮೆ ಮುಂಚೇನೇ ಬಂದಂಗೈತೆ — ಇದು ಚೌಡಕ್ಕ, ಹೊಲಿಗೆ ಕಲಿಯಲು ಬಂದು ಮಾತನ್ನೇ ಹೊಲಿಯುವವಳು, ಎಲ್ಲರೂ ನಕ್ಕರು, ಮೇಲ್ವಿಚಾರಕಿಯವರೂ ನಕ್ಕರು, ನೋಡಿದರೆ ಬಾಯಲ್ಲಿ ನೀರು ಬರುತ್ತದೆ ಅಂದರು. ನೋಡುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಬೀಟ್‌ರೂಟ್ ಬಿತ್ತು, ಕೊತ್ತಂಬರಿ ಬಿತ್ತು, ಕಿತ್ತಳೆಯ ತೊಳೆಗಳು ಒಡೆಯದ ಹಾಗೆ ಮೇಲೆ ಹರಡಿದಳು, ಇನ್ನು ಹಾಕುವುದು ಒಂದೇ, ಸಿದ್ದಲಿಂಗಮ್ಮ ಎದ್ದರು, ಬಳೆ ಸದ್ದಾಯಿತು, ಮೇಜಿನ ಪಕ್ಕಕ್ಕೆ ಬಂದು ನಿಂತರು, ಬಲಗೈ ಚಾಚಿದರು, ಅಂಗೈ ಬಿಚ್ಚಿದರು, ಕೊಡವ್ವ, ಹಗುರವಾಗಿ, ಮಗಳಿಗೆ ಹೇಳುವಷ್ಟು ಅಕ್ಕರೆಯಿಂದ, ಕೊಡವ್ವ ಡಬ್ಬಿ. ಕೊಟ್ಟುಬಿಡು, ಏನು ಹೋಗುತ್ತದೆ, ಒಂದು ಚಿಟಿಕೆ, ಹೆಚ್ಚಿದ್ದು ನೀನೇ, ಸುಲಿದದ್ದು ನೀನೇ, ಎಲ್ಲರೂ ಚಪ್ಪರಿಸಿಕೊಂಡು ತಿಂತಾರೆ, ಚೌಡಕ್ಕ ಎರಡನೇ ಸಲ ಕೇಳುತ್ತಾಳೆ, ಅವ್ವನಿಗೆ ಶೇಂಗಾ ಹೊಲ ತಪ್ಪುತ್ತದೆ, ಸಂಬಳ ಬಂದ ದಿನ ಒಂದು ಸೀರೆ, ಮತ್ತೆ ಮುಂದಿನ ತಿಂಗಳು ರಾಗಿ ಉಂಡೆ ಕಲಿಸುವಾಗಲೂ ಸಿದ್ದಲಿಂಗಮ್ಮ ಎದ್ದು ಬರುತ್ತಾರೆ, ಸೊಪ್ಪಿನ ಸಾರು ಕಲಿಸುವಾಗಲೂ, ನೌಕರಿ ಕಾಯಂ ಆಗುತ್ತದೆ, ಇದೂ ಕಾಯಂ ಆಗುತ್ತದೆ, ಅವರು ಒಡ್ಡುವುದು, ಇವಳು ಕೊಡುವುದು, ಎಲ್ಲರೂ ನಗುನಗುತ್ತ, ಯಾರೂ ಯಾರನ್ನೂ ಬೈಯದೆ, ನೀರಿಗಲ್ಲ ಕಣೇ ಹುಚ್ಚಿ — ಡಬ್ಬಿಯ ಮುಚ್ಚಳ ಬಿಗಿ, ಉಗುರು ಹಾಕಿ ಎಬ್ಬಿಸಿದಳು, ಟಪ್ ಅಂದಿತು, ಅಷ್ಟು ಸಣ್ಣ ಸದ್ದಿಗೆ ಕೋಣೆಯೆಲ್ಲ ಇತ್ತ ತಿರುಗಿತು, ಕೈ ಡಬ್ಬಿಯನ್ನು ಅತ್ತ ಸರಿಸುತ್ತದೆ ಅಂದುಕೊಂಡಿದ್ದಳು, ಕೈ ಒಳಗೆ ಹೋಯಿತು, ಮೂರು ಬೆರಳು ಉಪ್ಪು ಹಿಡಿದವು, ಗೀರಿನ ಬೆರಳು ಬೆಂಕಿ ಹಿಡಿದಂತೆ ಉರಿಯಿತು, ಪರಾತದ ಹತ್ತಿರಕ್ಕೆ, ಇನ್ನೂ ಹತ್ತಿರಕ್ಕೆ, ಗಾಳಿಗೆ ಒಂದು ಹರಳೂ ಸಿಗದಷ್ಟು ಹತ್ತಿರಕ್ಕೆ ಕೈ ಇಳಿಸಿ ಉದುರಿಸಿದಳು. ಬಿತ್ತು. ಅಡಿಗೆ ಆಯಿತು. ಯಾರ ಕೈಯಿಂದು ಅಂತ ಯಾರೂ ಕೇಳಬೇಕಾಗಿಲ್ಲ, ಎಲ್ಲರೂ ನೋಡಿದ್ದಾರೆ, ಎರಡೂ ಕೈ ಹಾಕಿ ತಳದಿಂದ ಮೇಲಕ್ಕೆ ಕಲಸಿದಳು, ಯಾಕವ್ವ, ಸಿದ್ದಲಿಂಗಮ್ಮನವರ ದನಿ, ಅವಳೊಬ್ಬಳಿಗೇ ಕೇಳುವಷ್ಟು, ಸಿಟ್ಟಿಲ್ಲ, ನೋವಿದೆ, ಯಾಕವ್ವ ಹಿಂಗೆ ಮಾಡ್ಕೊಂಡೆ. ಹಿಂದಿನ ಸಾಲಿನಲ್ಲಿ ಯಾರೋ ಎಮ್ಮೆಯ ಮಾತು ತೆಗೆದರು, ಚೌಡಕ್ಕ ಹೊಲಿಗೆ ಯಂತ್ರದ ಕಡೆ ತಿರುಗಿ ಕೂತಿದ್ದಾಳೆ, ಮೇಲ್ವಿಚಾರಕಿಯವರು ಕ್ಯಾಲೆಂಡರಿನ ಸುರುಳಿ ನೋಡುತ್ತಿದ್ದಾರೆ, ಹೊತ್ತಿಲ್ಲ, ಉಪ್ಪು ಬಿದ್ದ ಮೇಲೆ ಹೊತ್ತಿಲ್ಲ, ಸೌತೆಕಾಯಿ ಆಗಲೇ ಬೆವರುತ್ತಿದೆ, ಇನ್ನೊಂದು ಗಳಿಗೆ ಹೋದರೆ ತಳದಲ್ಲಿ ಕೆಂಪು ನೀರು, ನೀರು ಬಿಟ್ಟೈತಲ್ಲವ್ವ ಅನ್ನುವುದಕ್ಕೆ ಒಂದು ನೆವ, ಆ ನೆವವನ್ನು ಇವತ್ತು ಯಾರಿಗೂ ಕೊಡಬಾರದು, ತಲೆ ಎತ್ತಿದಳು, ಎರಡು ಕಣ್ಣೂ ತೆರೆದು ನೋಡಿದಳು, ಸಿದ್ದಲಿಂಗಮ್ಮನವರ ಕೈ ಚಾಚಿದಲ್ಲೇ ಇದೆ, ಡಬ್ಬಿಗೆಂದು ಒಡ್ಡಿದ ಕೈ, ಹಿಂದಕ್ಕೆ ತೆಗೆದುಕೊಳ್ಳುವುದನ್ನು ಅವರು ಮರೆತಿದ್ದಾರೆ, ಇವಳು ಚಮಚ ತುಂಬಿಕೊಂಡಳು, ಗಜ್ಜರಿ, ಮೂಲಂಗಿ, ಎರಡು ಕಡಲೆಕಾಳು, ಮೇಲೊಂದು ಕಿತ್ತಳೆ ತೊಳೆ, ತಗೊಳ್ರೀ ಅಮ್ಮಾ, ಬಿಸಾಕಾಕೂ ನಿಮ್ಮ ಕೈ ಐತೆ, ತಿನ್ನಾಕೂ ಐತೆ, ಅಂದಳೋ ಮನಸ್ಸಿನಲ್ಲೇ ಅಂದುಕೊಂಡಳೋ, ಮೇಲಿನಿಂದ ಹಾಕಲಿಲ್ಲ, ಇಳಿಸಿದಳು, ಚಮಚದ ಅಂಚು ಅವರ ಅಂಗೈಗೆ ತಾಗುವ ತನಕ ಇಳಿಸಿದಳು, ಇಟ್ಟಳು, ಕೈ ಬೆಚ್ಚಿತು, ಅಷ್ಟೆ, ಮುಚ್ಚಲಿಲ್ಲ, ಮಗುಚಲಿಲ್ಲ, ಬಾಯಿಯ ಕಡೆಗೂ ಹೋಗುತ್ತಿಲ್ಲ, ನೆಲದ ಕಡೆಗೂ ಇಲ್ಲ, ಕೆಂಪು ರಸ ಒಸರಿತು, ನಡುವಿನ ಆಳದ ಗೆರೆಗೆ ಇಳಿಯಿತು, ಗೆರೆ ಹಿಡಿದು ಮಣಿಕಟ್ಟಿಗೆ, ಹಸಿರು ಬಳೆಯ ತನಕ, ಅಲ್ಲೊಂದು ಹನಿ, ಬೀಳುತ್ತಿಲ್ಲ, ಅಂಗೈ ಬಿಚ್ಚಿಯೇ ಇದೆ, ಅಂಗೈ, ಬಿಚ್ಚಿದ ಅಂಗೈ